ಇಟ್ಟಿಗೆ ಶಾಖ

ದೊಡ್ಡಹನುಮಯ್ಯ ಡಾಕ್ಟರ ಕಾಲರು ಹಿಡಿದು ಚಪ್ಪರದ ಕಂಬಕ್ಕೆ ಬಡಿದ. ಕನ್ನಡಕ ಹಾರಿ, ಅಂಗಳದಲ್ಲಿ ಮಲಗಿಸಿದ್ದ ತಮ್ಮ ಮುನಿರಾಜುವಿನ ಹೆಣದ ಪಕ್ಕ ಬಿತ್ತು.

"ಅಪರೂಪದ ಕಾಯ್ಲೆ ಅಂತ ಇಂಜೆಕ್ಷನ್ ಚುಚ್ಚಿ ನನ್ ತಮ್ಮನ್ ಕಾಲು ಕೊಳೆಸ್ಬಿಟ್ಟೆ! ಈಗ ಹಾರ ಹಾಕಕ್ ಬಂದಿದೀಯೇನೋ?"

ಇನ್ನೊಂದು ಏಟಿಗೆ ಡಾಕ್ಟರ ತುಟಿ ಒಡೆಯಿತು. ಹೊಸಹಳ್ಳಿಯ ನಂಟರು ಯಾರೂ ಬಿಡಿಸಲಿಲ್ಲ. ಇನ್ನೆರಡು ಬೀಳಲಿ ಎಂದೇ ಕೆಲವರಿಗಿತ್ತು. ಅಳುವುದಕ್ಕಿಂತ ಹೊಡೆಯುವುದು ದೊಡ್ಡಹನುಮಯ್ಯನಿಗೆ ಮೊದಲಿಂದಲೂ ಸುಲಭ.

ಮುನಿರಾಜುವಿನ ಹೆಂಡತಿ ಅಂಜನಮ್ಮ ಸೆರಗು ಕಚ್ಚಿ ಕೂತಿದ್ದಳು. ನಿಜ ಅವಳಿಗೆ ಗೊತ್ತಿತ್ತು. ಸಾಯುವ ಮುಂಚೆ ಗಂಡ ಕೈ ಹಿಡಿದು ಬೇಡಿಕೊಂಡಿದ್ದ: "ಅಣ್ಣಂಗೆ ಹೇಳ್ಬೇಡ ಕಣೇ. ತಡ್ಕಳಲ್ಲ."

*

ಮುನಿರಾಜು ರಾಜಾಜಿನಗರದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವವನು. ಎಂಬತ್ತನಾಲ್ಕನೇ ಇಸವಿಯ ಬೇಸಿಗೆಯಿಂದ, ಕಾಲಿಗೆ ಬಿಸಿ ತಾಗಿದರೆ ಸಾಕು, ಪಾದ ಕೆಂಪಗೆ ಊದಿ ಉರಿಯುತ್ತಿತ್ತು. ತಣ್ಣೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕಿರುಚುತ್ತಿದ್ದ. ತಾಳಲಾರದೆ ಒಮ್ಮೆ ಗೋಡೆಗೆ ಹಣೆ ಚಚ್ಚಿಕೊಂಡಿದ್ದ. ಇದು ನರಕ್ಕೂ ರಕ್ತನಾಳಕ್ಕೂ ಸೇರಿದ ರೋಗ ಎಂದು ಗುರುತಿಸಿದವರು ಈ ಶ್ಯಾಮಸುಂದರ ಡಾಕ್ಟರೇ. ಹಲ್ಲು ಕೀಳುವಾಗ ಕೊಡುವಂಥ ಮದ್ದನ್ನು ಕಣಕಾಲಿಗೆ ಚುಚ್ಚಿ ಪಾದ ಮರಗಟ್ಟಿಸಿ ಅಂಜನಮ್ಮನಿಗೆ ಹೇಳಿದರು:

"ಜೋಮು ಇಳಿಯೋವರ್ಗೂ ಬಿಸಿ ತಾಗಿಸ್ಬೇಡಿ ತಾಯಿ. ಸುಟ್ರೂ ಇವರಿಗೆ ಗೊತ್ತಾಗಲ್ಲ."

ಮನೆಗೆ ಬಂದ ಮುನಿರಾಜು ಎಷ್ಟೋ ತಿಂಗಳ ಮೇಲೆ ನಿದ್ದೆ ಹೋದ. ಅಂಜನಮ್ಮ ಬೀದಿ ನಲ್ಲಿಗೆ ಹೋದಳು. ಅಷ್ಟರಲ್ಲಿ ಬಂದ ದೊಡ್ಡಹನುಮಯ್ಯ ತಮ್ಮನ ಮುಖ ನೋಡಿ ಕಣ್ಣು ಒರೆಸಿಕೊಂಡ. ನೋವಿಲ್ಲದಾಗಲೇ ಶಾಖ ಕೊಟ್ಟರೆ ಉರಿ ಬೇರು ಸಮೇತ ಹೋಗುತ್ತದೆಂದು ಒಲೆಯಲ್ಲಿ ಇಟ್ಟಿಗೆ ಕಾಯಿಸಿ, ಬಟ್ಟೆ ಸುತ್ತಿ, ಪಾದಗಳಿಗೆ ಕಟ್ಟಿ ತನ್ನ ಪಾಳಿಯ ಕೆಲಸಕ್ಕೆ ಹೋದ. ತಮ್ಮ ಹಾಯಾಗಿ ಮಲಗಿದ್ದ.

ಅಂಜನಮ್ಮ ಬಂದು ಬಟ್ಟೆ ಬಿಚ್ಚಿದಾಗ ಚರ್ಮವೂ ಜೊತೆಗೇ ಬಂತು. ಗುಳ್ಳೆ ಎದ್ದದ್ದು ಇಂಜೆಕ್ಷನ್ನಿನಿಂದ ಎಂದು ದೊಡ್ಡಹನುಮಯ್ಯ ನಂಬಿದ. ಗಾಯ ಕೊಳೆತು, ನಂಜು ಮೈಗೆಲ್ಲ ಏರಿತು.

*

ಅಂಗಳದಲ್ಲಿ ಹೆಣದ ಕೊನೆಯ ಸ್ನಾನಕ್ಕೆ ಇಟ್ಟ ನೀರು ಕುದಿಯುತ್ತಿತ್ತು. ಡಾಕ್ಟರನ್ನು ನೂಕಿ, ದೊಡ್ಡಹನುಮಯ್ಯ ತಪ್ಪಲೆ ಇಳಿಸಿ ತಂದು ತಮ್ಮನ ಕಾಲ ಬಳಿ ಇಟ್ಟ. ಚೊಂಬು ಅದ್ದಿದ.

ಅಂಜನಮ್ಮ ನುಗ್ಗಿ ಬಂದು ತಪ್ಪಲೆಯನ್ನು ಒದ್ದಳು.

"ಬಿಸಿನೀರು ಬೇಡ ಬಾವಾ! ಇಟ್ಟಿಗೆ ಕಟ್ಟಿ ಸುಟ್ಟಿದ್ದು ಸಾಲ್ದಾ? ಮರಗಟ್ಟಿತ್ತು ಕಾಲು! ನೀವೇ ಸುಟ್ಟಿದ್ದು! ಡಾಕ್ಟ್ರಲ್ಲ!"

ನಂಟರು ಹಿಂದಕ್ಕೆ ಹಾರಿದರು. ಕುದಿನೀರು ಹರಿದು ದೊಡ್ಡಹನುಮಯ್ಯನ ಬರಿಗಾಲುಗಳನ್ನು ಸುತ್ತಿಕೊಂಡಿತು.

"ಕಾಲು ತೆಗೀರಿ ಬಾವಾ!" ಅಂಜನಮ್ಮ ತಣ್ಣೀರಿನ ಬಿಂದಿಗೆ ಎತ್ತಿಕೊಂಡು ಚೀರಿದಳು. "ತೆಗೀರಿ!"

ಪಾದ ಕೆಂಪಾಗುತ್ತಿತ್ತು. ದೊಡ್ಡಹನುಮಯ್ಯ ತಮ್ಮನ ಕಾಲುಗಳನ್ನೇ ನೋಡುತ್ತ ಹಬೆಯೊಳಗೆ ನಿಂತೇ ಇದ್ದ.