ಆಕಾರವಿಲ್ಲದ ರಾಕ್ಷಸನ ಬೇಟೆ

ಏಳು ಸಮುದ್ರಗಳಾಚೆಯ ಮಾತಲ್ಲ, ವಿಶ್ವವಿದ್ಯಾಲಯದ ಹಿಂದಿನ ಕೊಳದ ಕೆಸರಿನಲ್ಲೇ ಒಬ್ಬ ರಾಕ್ಷಸನಿದ್ದ. ಕಾಲಿಲ್ಲ, ನಡೆಯುತ್ತಿದ್ದ, ಬಾಯಿಲ್ಲ, ನುಂಗುತ್ತಿದ್ದ, ಕ್ಷಣಕ್ಕೊಂದು ರೂಪ ತಾಳುತ್ತಿದ್ದ. ಅವನನ್ನು ಹಿಡಿದೇ ತೀರುತ್ತೇನೆಂದು ಹುಡುಗಿಯೊಬ್ಬಳು ತುಂಬಿದ ಸಭೆಯಲ್ಲಿ ಮಾತು ಕೊಟ್ಟುಬಿಟ್ಟಳು. ರಾಕ್ಷಸನ ಹೆಸರು ಅಮೀಬಾ. ಸಭೆ, ಜೀವವಿಜ್ಞಾನದ ಮೊದಲ ವರ್ಷದ ಪ್ರಯೋಗಾಲಯ. ಹುಡುಗಿ ನಾನು.

ಆದದ್ದಿಷ್ಟು. ಪುಸ್ತಕ ನೋಡಿ ಅಮೀಬಾದ ಚಿತ್ರ ಬರೆಯುತ್ತ ಕೂತವಳು, ಅಜ್ಜಿಯ ಕತೆಯ ಗುಂಗಿನಲ್ಲಿ ಅದಕ್ಕೆರಡು ಕಣ್ಣು ಇಟ್ಟಿದ್ದೆ. ಮೇಡಂ ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

“ಕಣ್ಣು ಇಟ್ಟಿದ್ದೀಯ, ಸರಿ. ಕಾಡಿಗೆ ಯಾಕಮ್ಮ ಮರೆತೆ?”

ತರಗತಿ ಗೊಳ್ಳೆಂದಿತು. ನನಗೂ ನಗು ಬಂತು, ಜೊತೆಗೆ ರೋಷವೂ. “ಜೀವ ಇರೋದನ್ನೇ ಹಿಡಿದು, ನೋಡಿ ಬರೀತೀನಿ ಮೇಡಂ.”

“ಶುಕ್ರವಾರದೊಳಗೆ ಬರಿ ನೋಡೋಣ. ಕೆರೆಗಳ ಅಧ್ಯಯನಕ್ಕೆ ಹೊರಟಿರೋ ನನ್ನ ತಂಡದಲ್ಲಿ ಒಂದು ಜಾಗ ಖಾಲಿ ಇದೆ. ಅದು ನಿಂದು.”

ರಜೆಯೆಲ್ಲ ದೋಣಿಯ ಮೇಲೆ! ಆ ಜಾಗಕ್ಕೆ ಹಿರಿಯ ವಿದ್ಯಾರ್ಥಿಗಳೇ ಬಾಯಿ ಬಾಯಿ ಬಿಡುತ್ತಿದ್ದರು.

ಅಂದಿನಿಂದ ಕೊಳದ ನೀರನ್ನು ಹನಿ ಹನಿಯಾಗಿ ಗಾಜಿನ ಮೇಲೆ ಹಾಕಿ ಹುಡುಕಿದೆ. ಮೈಕ್ರೋಸ್ಕೋಪಿನಡಿ ಚಪ್ಪಲಿಯಾಕಾರದ ಪ್ಯಾರಮೀಸಿಯಂಗಳು ಬಸ್ಸು ತಪ್ಪಿದವರ ಹಾಗೆ ಓಡುತ್ತಿದ್ದವು. ಅವುಗಳ ಬೆನ್ನು ಹತ್ತಿ ಹತ್ತಿ ನನ್ನ ಕಣ್ಣು ಕೆಂಪಾಯಿತು. ಒಮ್ಮೆ “ಸಿಕ್ತು!” ಎಂದು ಕಿರುಚಿದೆ. ಪಕ್ಕದ ಗೆಳತಿ ಬಗ್ಗಿ ನೋಡಿದಳು.

“ಗಾಳಿಗುಳ್ಳೆ ಕಣೇ. ಇದಕ್ಕೂ ಕಣ್ಣು ಬರೀತೀಯಾ?”

ಗುರುವಾರ ಸಂಜೆ ಅಜ್ಜಿ ನನ್ನ ತಲೆ ಬಾಚುತ್ತಿದ್ದಾಗ ಗೋಳು ತೋಡಿಕೊಂಡೆ. “ಮೈಕ್ರೋಸ್ಕೋಪಿನ ದೀಪ ಪೂರ್ತಿ ಉರಿಸಿ ಮೂಲೆಮೂಲೆ ಜಾಲಾಡಿದೆ ಅಜ್ಜಿ. ಇಲ್ಲವೇ ಇಲ್ಲ.”

“ಅಯ್ಯೋ ಪೆದ್ದಿ, ವೇಷ ಮರೆಸ್ಕೊಳ್ಳೋನನ್ನ ಹಿಡಿಯೋಕೆ ಪಂಜು ಹಿಡ್ಕೊಂಡು ಹೋಗ್ತಾರೇನೇ? ಅವನು ಗೋಡೆಗೆ ಒರಗಿ ಗೋಡೆನೇ ಆಗ್ಬಿಡ್ತಾನೆ. ತಲೆ ಅಲ್ಲಾಡಿಸ್ಬೇಡ, ಬೈತಲೆ ಸೊಟ್ಟ ಆಗತ್ತೆ.”

ತಲೆ ಅಲ್ಲಾಡಿಸದೆ ಯೋಚಿಸಿದೆ. ಅಮೀಬಾದ ಮೈ ನೀರಿನಷ್ಟೇ ತಿಳಿ. ಅಷ್ಟೊಂದು ಬೆಳಕು ಸುರಿದರೆ ಕಂಡೀತು ಹೇಗೆ?

ಶುಕ್ರವಾರ ಕೊಳದ ತಳದ ಕೆಸರನ್ನೇ ಒಂದು ಹನಿ ಹಾಕಿ, ಮೈಕ್ರೋಸ್ಕೋಪಿಗೆ ಬೆಳಕು ಬಿಡುವ ಕಿಂಡಿಯನ್ನು ಇನ್ನೇನು ಮುಚ್ಚಿತು ಎನ್ನುವಷ್ಟು ಕಿರಿದು ಮಾಡಿದೆ. ಓಡುವವರನ್ನು ಓಡಲು ಬಿಟ್ಟು, ಕದಲದವರನ್ನು ಕಾಯುತ್ತ ಕೂತೆ. ಒಂದು ಬೂದು ಕಲೆ. ನೋಡನೋಡುತ್ತಿದ್ದಂತೆ ಅದರ ಅಂಚು ಚೆಲ್ಲಿದ ಹಾಲಿನಂತೆ ಮೆಲ್ಲಗೆ ಮುಂದಕ್ಕೆ ಹರಿಯಿತು. ಒಳಗಿನ ಕಾಳಿನಂಥ ಕಣಗಳೆಲ್ಲ ಅದರ ಹಿಂದೆ ಮೆರವಣಿಗೆ ಹೊರಟವು.

“ಮೇಡಂ!”

ಕಣ್ಣಿಟ್ಟ ಮೇಡಂ ತೆಗೆಯಲೇ ಇಲ್ಲ. “ನಡಿ ಮರಿ, ನಡಿ...” ಎಂದು ಅಮೀಬಾವನ್ನು ಮುದ್ದು ಮಾಡುತ್ತಿದ್ದರು. ಹಿಂದೆ ಸಾಲು ಬೆಳೆಯಿತು.

“ಮೇಡಂ, ನಾನು ಬರೀಬೇಕು!”

“ಇರಮ್ಮ, ಒಂದೇ ನಿಮಿಷ.”

ಕೊನೆಗೂ ನನ್ನ ಸರದಿ ಬಂತು. ಬೆರಳಿನಾಕಾರ ಬರೆಯುವಷ್ಟರಲ್ಲಿ ಅದು ಎಲೆಯಾಗಿತ್ತು. ಎಲೆ ಬರೆದರೆ ನಕ್ಷತ್ರ. ಅಳಿಸಿ ಅಳಿಸಿ ಹಾಳೆ ತೂತಾಗುವುದರಲ್ಲಿತ್ತು. ರಬ್ಬರನ್ನು ಗೆಳತಿಯ ಕೈಗೆ ಕೊಟ್ಟು, ಕಂಡ ರೂಪಗಳನ್ನೆಲ್ಲ ಒಂದರ ಪಕ್ಕ ಒಂದು ಬರೆಯುತ್ತ ಹೋದೆ. ಹಾಳೆ ತುಂಬಿತು. ಮೇಡಂ ಅಂಚಿನಲ್ಲಿ ಜಾಗ ಹುಡುಕಿ ಸಹಿ ಹಾಕಿದರು.

“ಈಜು ಬರತ್ತಾ?” ಎಂದು ಕೇಳಿದರು.