ಅಂಟದಕ್ಕನ ಕಂಬಿ

ಕಾರ್ಖಾನೆಯವರೆಲ್ಲ ಅವಳನ್ನು ಅಂಟದಕ್ಕ ಎಂದೇ ಕರೆಯುತ್ತಿದ್ದರು. ನಾಲ್ಕು ವರ್ಷಗಳಿಂದ ಅವಳು ಬೆನ್ನು ಹತ್ತಿದ್ದು ಅಯಸ್ಕಾಂತಕ್ಕೆ ಅಂಟದ ಉಕ್ಕನ್ನು. ಅದು ಕಟ್ಟಡದ ಭಾರ ಹೊರುವಷ್ಟು ಗಟ್ಟಿಯಾಗಿರಬೇಕು, ಅಯಸ್ಕಾಂತ ಪಕ್ಕಕ್ಕೆ ಬಂದು ಕೂತರೂ ತಿರುಗಿ ನೋಡಬಾರದು. ಆಸ್ಪತ್ರೆಯಲ್ಲಿ ರೋಗಿಯನ್ನು ಒಳಗೆ ಮಲಗಿಸಿ ಮೈಯೊಳಗಿನ ಚಿತ್ರ ತೆಗೆಯುವ ಯಂತ್ರವಿದೆಯಲ್ಲ, ಅದೇ ಒಂದು ಭಾರಿ ಅಯಸ್ಕಾಂತ. ನೆಲದೊಳಗಿನ ಕಂಬಿ ಅದರ ಸೆಳೆತಕ್ಕೆ ಸಿಕ್ಕರೆ ಚಿತ್ರ ಕೆಟ್ಟಂತೆಯೇ. ಆರು ಎರಕ ಹಾಳಾಗಿ ಏಳನೆಯದು ಕೈ ಹಿಡಿದಿತ್ತು. ಹೊಸ ಆಸ್ಪತ್ರೆಯೊಂದು ಅದನ್ನು ಕೊಳ್ಳಲು ಒಪ್ಪಿತ್ತು. ಇನ್ನು ಅವಳ ರುಜು ಬಿದ್ದರೆ ಲಾರಿ ಹೊರಡುವುದಷ್ಟೇ ಬಾಕಿ.

ರುಜು ಹಾಕಬೇಕಾದ ಬೆಳಗ್ಗೆ ಅವಳು ಒಲೆಯ ಮುಂದಿದ್ದಳು. ಪರೀಕ್ಷೆಗೆ ಬಗ್ಗಿಸಿ ಬಿಸಾಡಿದ್ದ ಏಳನೇ ಎರಕದ ತುಂಡೊಂದನ್ನು ಮನೆಗೆ ತಂದು ಸೌಟು ತೂಗುಹಾಕುವ ಕೊಕ್ಕೆ ಮಾಡಿಕೊಂಡಿದ್ದಳು. ಅತ್ತೆ ಫ್ರಿಜ್ಜಿನ ಬಾಗಿಲಲ್ಲಿದ್ದ ಅಯಸ್ಕಾಂತದ ಗೊಂಬೆಯನ್ನು ಕಿತ್ತು ತಂದು, ಸಾಮಾನಿನ ಚೀಟಿಯನ್ನು ಆ ಕೊಕ್ಕೆಗೇ ಅಂಟಿಸಿದ್ದರು.

"ಕಣ್ಣೆದುರಿಗೇ ಇರ್ಲಿ ಅಂತ ಹಾಕ್ದೆ ಕಣೇ. ಯಾಕೆ ಹಾಗೆ ನೋಡ್ತೀಯ?"

ಅವಳು ಚೀಟಿ ಕಿತ್ತು ಪಕ್ಕಕ್ಕಿಟ್ಟಳು. ಗೊಂಬೆಯನ್ನು ಕೊಕ್ಕೆಯ ನೇರ ಭಾಗಕ್ಕೆ ಹಿಡಿದಳು, ಜಾರಿ ಬಿತ್ತು. ಬಾಗಿದ ಕಡೆ ಹಿಡಿದಳು, ಅಂಟಿಕೊಂಡಿತು. ಹಿಂದೆ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಅತ್ತೆ ಬಟ್ಟೆ ತಂದು ಒರೆಸಿದರು.

ತಪ್ಪು ಎಲ್ಲಿ ನುಸುಳಿತೆಂದು ಬಸ್ಸಿನಲ್ಲಿ ಹೊಳೆಯಿತು. ಪರೀಕ್ಷೆಯ ಕೋಣೆಯಲ್ಲಿ ಎರಡು ಮೇಜು. ಒಂದರ ಮೇಲೆ ಕಂಬಿಯನ್ನು ಬಗ್ಗಿಸಿ ಬಿರುಕು ಬಿಟ್ಟಿತೇ ಎಂದು ನೋಡುತ್ತಿದ್ದರು. ಇನ್ನೊಂದರ ಮೇಲೆ ನೇರ ಕಂಬಿಗೆ ಅಯಸ್ಕಾಂತ ಹಿಡಿಯುತ್ತಿದ್ದರು. ಬಗ್ಗಿದ ತುಂಡನ್ನು ಆ ಮೇಜಿನಿಂದ ಈ ಮೇಜಿಗೆ ತಂದವರು ನಾಲ್ಕು ವರ್ಷದಲ್ಲಿ ಒಬ್ಬರೂ ಇಲ್ಲ. ಅವಳೂ ತಂದಿರಲಿಲ್ಲ. ಬಗ್ಗಿಸಿದಾಗ ಒಳಗಿನ ಕಣಗಳ ಜೋಡಣೆ ಬದಲಾಗಿ ಉಕ್ಕಿಗೆ ಅಂಟುವ ಹಳೇ ಚಾಳಿ ಮರುಕಳಿಸುತ್ತಿತ್ತು. ಕಟ್ಟಡದಲ್ಲಿ ಬಗ್ಗಿಸದ ಕಂಬಿ ಎಷ್ಟಿರುತ್ತದೆ? ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗು ಬಗ್ಗಿಸಬೇಕು, ಮೂಲೆ ಬಗ್ಗಿಸಬೇಕು, ತುದಿ ಬಗ್ಗಿಸಬೇಕು.

ಕಾರ್ಖಾನೆಗೆ ಹೋದವಳೇ ಹತ್ತು ಬಾಗಿದ ತುಂಡುಗಳನ್ನು ಪರೀಕ್ಷಿಸಿದಳು. ಹತ್ತೂ ಅಂಟಿದವು.

ಮ್ಯಾನೇಜರು ವಿಷಯ ಕೇಳಿ ಬಾಗಿಲು ಹಾಕಿದರು. ನಿಯಮ ಕೇಳುವುದು ನೇರ ಕಂಬಿಯ ಪರೀಕ್ಷೆಯನ್ನಷ್ಟೇ, ಅದರಲ್ಲಿ ಪಾಸಾಗಿದೆ, ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡುವ ಉಸಾಬರಿ ಯಾಕೆ ಎಂದರು. ಈ ಆರ್ಡರು ಕೈತಪ್ಪಿದರೆ ಅವಳ ಉಕ್ಕಿನ ಕೆಲಸಕ್ಕೇ ಬೀಗ ಬೀಳುತ್ತದೆ ಎಂದೂ ಹೇಳಿದರು.

"ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೋತಿದೀರ, ಮೇಡಂ."

"ನನ್ನ ಕಾಲು ತಾನೇ, ಸರ್."

ಹನ್ನೊಂದಕ್ಕೆ ಆಸ್ಪತ್ರೆಯ ಇಂಜಿನಿಯರಮ್ಮ ಬಂದರು. ಮ್ಯಾನೇಜರು ಕುಲುಮೆಯ ಮೇಸ್ತ್ರಿಯನ್ನೂ ಕರೆಸಿದ್ದರು. ನಗುನಗುತ್ತ ರುಜುವಿನ ಕಾಗದವನ್ನು ಅವಳ ಮುಂದಿಟ್ಟರು. ಅವಳು ಅದರ ಮೇಲೆ ಬಾಗಿದ ಕಂಬಿ ಇಟ್ಟು, ಅಯಸ್ಕಾಂತವನ್ನು ಇಂಜಿನಿಯರಮ್ಮನ ಕೈಗೆ ಕೊಟ್ಟಳು.

"ನೀವೇ ಹಿಡಿದು ನೋಡಿ."

ಟಕ್ಕೆಂದು ಅಂಟಿತು. ಅವಳು ಕಂಬಿ ಸರಿಸಿ, ಕಾಗದದಲ್ಲಿ "ಬಾಗಿದಲ್ಲಿ ಅಂಟುತ್ತದೆ, ಕೊಡುವಂತಿಲ್ಲ" ಎಂದು ಬರೆದು, ಅದರ ಕೆಳಗೆ ದಪ್ಪಗೆ ರುಜು ಹಾಕಿದಳು.

ಇಂಜಿನಿಯರಮ್ಮ ಅಯಸ್ಕಾಂತವನ್ನು ಕಿತ್ತು ಮತ್ತೆ ಹಿಡಿದರು, ಮತ್ತೆ ಕಿತ್ತರು. ಬೇರೆ ಕಡೆಯಿಂದ ಕೊಂಡರೂ ಈ ಪರೀಕ್ಷೆ ಯಾರು ಮಾಡಿರುತ್ತಾರೆ ಎಂದು ಕೇಳಿದರು. ಯಾರೂ ಮಾಡಿರಲಿಕ್ಕಿಲ್ಲ ಎಂದಳು ಅವಳು. ನೆಲ ಹಾಕುವುದನ್ನು ಮೂರು ವಾರ ತಡೆಯಬಲ್ಲೆ, ಅದಕ್ಕಿಂತ ಒಂದು ದಿನವೂ ಆಗದು ಎಂದು ಅವರು ಚೀಲ ಹೆಗಲಿಗೇರಿಸಿದರು. ಮ್ಯಾನೇಜರು ಮುಖ ಹುಳ್ಳಗೆ ಮಾಡಿಕೊಂಡು ಅವರ ಹಿಂದೆಯೇ ಓಡಿದರು. ಇನ್ನೊಂದು ಎರಕಕ್ಕೆ ಕುಲುಮೆ ಕೊಡುವುದಿಲ್ಲವೆಂದು ಮ್ಯಾನೇಜರು ಹೇಳಲಿಲ್ಲ, ಕೊಡುತ್ತೇನೆಂದೂ ಹೇಳಲಿಲ್ಲ. ಅವರು ಹೇಳುವವರೆಗೆ ಕಾದು ಕೂರುವವಳು ಅವಳಲ್ಲ.

ಎರಡನೇ ಕುಲುಮೆ ಮಧ್ಯಾಹ್ನ ಖಾಲಿ ಎಂದು ಮೇಸ್ತ್ರಿ ಗೋಡೆ ನೋಡುತ್ತ ಹೇಳಿದ. ಬಗ್ಗಿಸಿದರೂ ಅಂಟದಿರಲೆಂದು ಅವಳು ಉಕ್ಕಿಗೆ ಬೆರೆಸುವ ಮ್ಯಾಂಗನೀಸನ್ನು ಹೆಚ್ಚಿಸಿ ಹೊಸ ಅಳತೆ ಬರೆದುಕೊಟ್ಟಳು. ಅವನು ಓದಿ ತಲೆ ಕೆರೆದುಕೊಂಡ.

"ಇಷ್ಟೊಂದಾ? ಬಗ್ಗಿಸುವಾಗ ಮುರಿದುಹೋದ್ರೆ, ಅಕ್ಕ?"

"ಮುರೀತು ಅಂತ ಬರೀತೀನಿ. ಹಾಕಿ, ಮೇಸ್ತ್ರಿ."