ದ್ರೋಹಿಗೆ ಭಾವನ ಮುಖ

ಕಾಮಿಕ್ಸ್ ಬರೆಯುವವರಿಗೆ ಒಂದು ಚಾಳಿ ಇರುತ್ತದೆ. ಮನೆಯವರನ್ನೇ ಗೋಡೆಗೆ ನಿಲ್ಲಿಸಿ ಚಿತ್ರ ಬಿಡಿಸುತ್ತಾರೆ, ಬಿಟ್ಟಿ ಸಿಗುತ್ತಾರಲ್ಲ! ನಮ್ಮ ಚಿತ್ರಗಾರ ಅಕ್ಕನ ಮನೆಯಲ್ಲಿ ಉಂಡುಕೊಂಡಿದ್ದ ಕಾಲದಲ್ಲಿ ತನ್ನ ಗೂಢಚಾರರ ಕಥೆಗೆ ನಿಲ್ಲಿಸಿಕೊಂಡದ್ದು ಭಾವನನ್ನು. ವಿಮೆ ಕಚೇರಿಯ ಆ ಸಾಧು ಮನುಷ್ಯ ಪಿಸ್ತೂಲಿನ ಬದಲು ಹೇರ್ ಡ್ರೈಯರ್ ಹಿಡಿದು, ಭಾನುವಾರಗಳನ್ನೆಲ್ಲ ಕಾಲು ನೋಯಿಸಿಕೊಂಡು ಕಳೆದರು.

“ನಾನೇ ಹೀರೋ ತಾನೇ?”

“ಮತ್ತಿನ್ಯಾರು ಭಾವ?”

ಹಸಿ ಸುಳ್ಳು. ಹೀರೋನನ್ನು ಅವನು ಕನ್ನಡಿ ನೋಡಿ ಬಿಡಿಸಿದ್ದ. ಭಾವನ ಮುಖ ಹೋದದ್ದು ದೇಶದ ಗುಟ್ಟು ಮಾರುವ ದ್ರೋಹಿಗೆ. ಪುಸ್ತಕದಲ್ಲಿ ದ್ರೋಹಿಯ ಮುಖ ಟೋಪಿಯ ನೆರಳಲ್ಲೇ ಇದ್ದುದರಿಂದ ಯಾರಿಗೂ ಗುರುತು ಸಿಗಲಿಲ್ಲ. ಭಾವ ಕಚೇರಿ ತುಂಬ ಪುಸ್ತಕ ಹಂಚಿ, ಮುಖ ಅಷ್ಟಾಗಿ ಹೋಲದಿದ್ದರೂ ಹೀರೋ ತಾವೇ ಎಂದು ಬೀಗಿದ್ದರು.

ಆಮೇಲೆ ಸಿನಿಮಾದವರು ಬಂದರು. ಪಾತ್ರಗಳ ಮುಖದ ಸ್ಕೆಚ್ ಬೇಕೆಂದಾಗ ಚಿತ್ರಗಾರ ಉಬ್ಬಿಹೋಗಿ, ಭಾವನನ್ನು ನಿಲ್ಲಿಸಿ ಬಿಡಿಸಿದ್ದ ಹಳೆಯ ಸ್ಕೆಚ್‌ಗಳ ಕಟ್ಟನ್ನು ಬಿಚ್ಚಿಯೂ ನೋಡದೆ ಕೊಟ್ಟುಬಿಟ್ಟ.

ಮೊದಲ ಪ್ರದರ್ಶನಕ್ಕೆ ಭಾವ ಕಚೇರಿಯವರನ್ನೆಲ್ಲ ಕರೆತಂದು ಒಂದಿಡೀ ಸಾಲು ತುಂಬಿಸಿದ್ದರು. ಕೊನೆಗೆ ಪರದೆಯ ಮೇಲೆ ದ್ರೋಹಿ ಟೋಪಿ ತೆಗೆದ. ಅದೇ ಬೋಳು ಹಣೆ, ಅದೇ ಪೊದೆ ಹುಬ್ಬು, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವಾಗ ಎತ್ತುವ ಅದೇ ಗದ್ದ. ಸ್ಕೆಚ್‌ನಲ್ಲಿದ್ದ ಒಂದನ್ನೂ ಸಿನಿಮಾದವರು ಬಿಟ್ಟಿರಲಿಲ್ಲ. ಜನ “ಥೂ!” ಎಂದು ಕೂಗಿದರು. ಚಿತ್ರಗಾರನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಪಕ್ಕದಲ್ಲಿದ್ದ ಭಾವನ ಕಡೆ ತಿರುಗುವ ಧೈರ್ಯ ಅವನಿಗಾಗಲಿಲ್ಲ.

ಹೊರಗೆ ಬಂದಾಗ ಭಾವನ ಮ್ಯಾನೇಜರ್ ಹಲ್ಲುಕಿರಿದರು. “ಏನ್ರೀ, ಹೀರೋ ಅಂದಿದ್ರಿ?”

“ಹೀರೋಗೆ ಯಾರು ಬೇಕಾದ್ರೂ ಆಗ್ತಾರೆ ಸಾರ್,” ಎಂದರು ಭಾವ. “ದ್ರೋಹಿಗೆ ನಂಬೋ ಥರದ ಮುಖ ಬೇಕು. ನಾನೇ ಹಟ ಮಾಡಿ ಹಾಕಿಸ್ಕೊಂಡೆ. ನಿಮ್ಮನ್ನೆಲ್ಲ ಬೇಸ್ತು ಬೀಳಿಸೋಣ ಅಂತ ಬಾಯಿ ಬಿಡಲಿಲ್ಲ.”

ಎಲ್ಲರೂ ಹೋ ಎಂದು ನಕ್ಕು ಅವರ ಕೈ ಕುಲುಕಿದರು. ಜೊತೆಗೆ ಬಂದಿದ್ದ ಅಕ್ಕನೂ ನಕ್ಕಳು. ಚಿತ್ರಗಾರನಿಗೆ ಮಾತ್ರ ಕಿವಿಯವರೆಗೂ ಬಿಸಿಯೇರಿತು. ಭಾವ ಬೈದಿದ್ದರೆ ಎಷ್ಟೋ ಮೇಲಿತ್ತು.

ಗಾಡಿ ನಿಲ್ಲಿಸಿದ್ದ ಜಾಗದಲ್ಲಿ ಇಬ್ಬರೇ ಆದಾಗ ಅವನು “ಭಾವ, ಅದು...” ಎಂದು ತೊದಲಿದ.

“ಅಕ್ಕನಿಗೆ ಏನೂ ಹೇಳೋಕೆ ಹೋಗ್ಬೇಡ. ಅವಳು ನಂಬಿದಾಳೆ.” ಭಾವ ಬೀಗದ ಕೈ ಹುಡುಕುತ್ತಾ ಕೇಳಿದರು. “ನಂಗೆ ಒಂದೇ ಹೇಳಪ್ಪ. ಆವಾಗ ನಾನು ನಿಂಗೇನು ಮಾಡಿದ್ದೆ?”

ಮಾಡಿದ್ದು ಇಷ್ಟೇ. ಒಮ್ಮೆ ನೆಂಟರ ಮುಂದೆ, ಊಟಕ್ಕೆ ಕೂತಾಗ, “ನಮ್ಮ ಗೊಂಬೆ ಬಿಡಿಸೋ ಸಾಹೇಬ್ರು” ಎಂದು ತಮಾಷೆ ಮಾಡಿ, ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದ್ದರು. ಅಷ್ಟಕ್ಕೇ ಅವನು ಒಂದು ವರ್ಷ ಹಲ್ಲು ಕಡಿದಿದ್ದ. ಈಗ ಅದನ್ನು ಬಾಯಿಬಿಟ್ಟು ಹೇಳಲೂ ನಾಚಿಕೆಯಾಯಿತು.

“ಏನೂ ಮಾಡಿರ್ಲಿಲ್ಲ ಭಾವ,” ಎಂದ.

“ನಾನು ಏನಾದ್ರೂ ಮಾಡಿದ್ದೆ ಅಂದಿದ್ರೆ ಚೆನ್ನಾಗಿತ್ತು,” ಎಂದು ಭಾವ ಗಾಡಿಯ ಬಾಗಿಲು ತೆಗೆದರು.